ಅಜ್ಜಿಯ ಸೆರಗು

ಸರ್ಪಸುತ್ತು ವಾಸಿಯಾದ ಮೇಲೂ ಉಳಿದ ನನ್ನ ಸೊಂಟದ ಉರಿಗೆ ಪುತ್ತೂರಿನ ಡಾಕ್ಟರು ‘ನರ್ವ್ ಪೇನ್’ ಎಂದು ಮಾತ್ರೆ ಬರೆದುಕೊಟ್ಟರು. ಸೆರಗನ್ನು ಮೈಗೆ ತಾಗದಂತೆ ಎರಡು ಬೆರಳಲ್ಲಿ ಹಿಡಿದು ಬಸ್ಸಿನಲ್ಲಿ ಕೂತಾಗ ಬೆಳ್ಳಾರೆಯ ಅಜ್ಜಿ ನೆನಪಾದರು.

ಅವರೂ ಹೀಗೇ ಹಿಡಿಯುತ್ತಿದ್ದರು. ಅವರ ಸರ್ಪಸುತ್ತಿಗೆ ಹಚ್ಚಿದ ಕೆಮ್ಮಣ್ಣು ಉದುರಿ ಚರ್ಮ ನುಣ್ಣಗಾಗಿತ್ತು. “ಗುಣ ಆಗಿ ಎರಡು ತಿಂಗಳಾಯ್ತು, ಇನ್ನೆಂತ ಉರಿ ಅತ್ತೆ?” ಎಂದು ಚಿಕ್ಕಮ್ಮ ನಗುತ್ತಿದ್ದರು.

ಆಗ ಕಾನ್ವೆಂಟಿನಲ್ಲಿ ಸೈನ್ಸ್ ಕಲಿಯುತ್ತಿದ್ದ ನಾನು ಆ ಉರಿ ನಿಜವೋ ಸುಳ್ಳೋ ಎಂದು ಟೆಸ್ಟ್ ಮಾಡಲು ಹೊರಟೆ. ಮಧ್ಯಾಹ್ನ ನಿದ್ದೆಹೋಗಿದ್ದ ಅಜ್ಜಿಯ ಸೊಂಟದ ಮೇಲೆ ಕೋಳಿಗರಿ ಆಡಿಸಿದೆ. ಅವರು ಚೀರಿ ಎದ್ದರು.

“ಗರಿ ತಾಗಿದ್ರೆ ನೋವಾಗ್ತದಾ? ಬರೀ ಆ್ಯಕ್ಟಿಂಗ್!” ಎಂದೆ. ಚಿಕ್ಕಮ್ಮ ಬಿದ್ದು ಬಿದ್ದು ನಕ್ಕರು.

ಅಜ್ಜಿ ಗರಿಯನ್ನೇ ನೋಡಿದರು. “ನೀನೂ ನಂಬುದಿಲ್ವಾ ಮಗಾ?”

ಮರುದಿನ ಬೆಳಿಗ್ಗೆ ಅವರು ಸೆರಗನ್ನು ಎಲ್ಲರಂತೆ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು ಅಡುಗೆಮನೆಗೆ ಬಂದರು.