ಹೊರಗಿನವರಿಗೆ ಕಾಣುವ ಪುಟ

ಅವನು ಅವಳ ಜಡೆ ಹಿಡಿದು ಮುಖವನ್ನು ಕಂಪ್ಯೂಟರಿನ ಪರದೆಗೆ ಒತ್ತಿದ. "ನನ್ನ ಹೆಂಡತಿ ಎಲ್ಲಿದ್ದಾಳೆ? ವಿಳಾಸ ತೆಗಿ."

ಗಂಡನ ಏಟು ತಾಳಲಾರದೆ ಮನೆಬಿಟ್ಟು ಬಂದ ಹೆಂಗಸರ ಆಶ್ರಯಧಾಮದ ವೆಬ್‌ಸೈಟನ್ನು ಅವಳು ನೋಡಿಕೊಳ್ಳುತ್ತಿದ್ದಳು. ಅದರಲ್ಲಿ ಹೊರಗಿನವರಿಗೆ ಫೋನ್ ನಂಬರ್ ಮಾತ್ರ ಕಾಣುತ್ತಿತ್ತು. ವಾರವಾರ ಬದಲಾಗುವ ವಿಳಾಸ ಲಾಗಿನ್ ಆದ ಸಿಬ್ಬಂದಿಗಷ್ಟೇ ಕಾಣುತ್ತಿತ್ತು. ಈ ವಾರದ್ದನ್ನು ಅವಳಿನ್ನೂ ನೋಡಿರಲಿಲ್ಲ.

"ತೆಗೀತೀನಿ, ಪರದೆ ಕಾಣೋ ಹಾಗೆ ಜಡೆ ಬಿಡು" ಎಂದು ಲಾಗಿನ್ ಆದಳು. ಸಿಬ್ಬಂದಿಯ ಪಟ್ಟಿಯಲ್ಲಿ ತನ್ನ ಹೆಸರು ಹುಡುಕಿ ಅಳಿಸಿಬಿಟ್ಟಳು. ಅವಳ ಲಾಗಿನ್ ಕಡಿದುಹೋಗಿ ಪುಟದಲ್ಲಿ ಫೋನ್ ನಂಬರೊಂದೇ ಉಳಿಯಿತು. ಅವನು ಅವಳ ತಲೆಯನ್ನು ಮೇಜಿಗೆ ಅಪ್ಪಳಿಸಿದ. ಹಲ್ಲೊಂದು ಕೀಲಿಮಣೆಯ ಮೇಲೆ ಬಿತ್ತು.

ಅವಳು ರಕ್ತ ಉಗಿದು ಹೇಳಿದಳು: "ಕೊಂದರೂ ಸಿಗಲ್ಲಪ್ಪ. ಈಗ ನಾನೂ ನಿನ್ನ ಹಾಗೇ ಹೊರಗಿನವಳು."

ಮತ್ತೆ ಎತ್ತಿದ ಕೈಯನ್ನು ಎಲ್ಲಿಗೆ ಇಳಿಸಬೇಕೆಂದು ತಿಳಿಯದೆ ಅವನು ನಿಂತ.