ಖುದ್ದು ಹೇಳಿಕೆ

ವಿದ್ಯಾರ್ಥಿಗಳು ಎಷ್ಟು ಅಂಕ ಕೊಡುತ್ತಾರೋ ಅಷ್ಟೇ ದನಿ ಅಧ್ಯಾಪಕರಿಗೆ ಮುಂದಿನ ವರ್ಷಕ್ಕೆ ಸಿಗುವುದು ಆ ವಿಶ್ವವಿದ್ಯಾಲಯದ ನಿಯಮ. ನಕಲು ಹೊಡೆದವರನ್ನು ಫೇಲು ಮಾಡಿದ ವರ್ಷ ಅಕ್ಕೂರ ಸರ್ ದನಿ ಅರ್ಧಕ್ಕಿಳಿಯಿತು. ಅಂಕದ ಹಾಳೆಯಲ್ಲಿ ಮೊದಲ ಪ್ರಶ್ನೆಯೇ ‘ಪಾಠ ಕೇಳಿಸುತ್ತದೆಯೇ?’ ಎಂದಿತ್ತು. ಅಲ್ಲಿಂದ ದನಿ ಇಳಿಯುತ್ತಲೇ ಹೋಯಿತು.

ಕುಲಸಚಿವರಿಗೆ ಅಂಕ ಕೊಡುವವರು ಅವರ ಕೈಕೆಳಗಿನವರು. ಕುಲಸಚಿವರು ಕೆಮ್ಮಿದರೆ ಮೂರು ಕಟ್ಟಡಗಳಿಗೆ ಕೇಳುತ್ತಿತ್ತು. ಕಸ ಗುಡಿಸುವ ನೀಲವ್ವನೂ ಅವರಿಗೆ ನೂರಕ್ಕೆ ನೂರು ಕೊಟ್ಟವಳೇ.

ಹನ್ನೊಂದು ವರ್ಷ ಬಾಗಿಲ ಹೊರಗೆ ನಿಂತು ಅಕ್ಕೂರ ಸರ್ ಪಾಠ ಕೇಳಿದವಳು, ಅಂಕದ ವಿರುದ್ಧ ಮೇಲ್ಮನವಿ ಸಲ್ಲಿಸುವ ಕೊನೆಯ ದಿನ ಧೈರ್ಯ ಮಾಡಿ ಅವರನ್ನು ಕುಲಸಚಿವರ ಕೋಣೆಗೆ ಕರೆತಂದಳು.

“ಸಾಹೇಬ್ರ, ದನಿ ನೀವ ಕಡಿದ್ರಿ. ಕೇಳಸೂದಿಲ್ಲಂತ ಅಂಕಾನೂ ಕಡಿದ್ರ ಹ್ಯಾಂಗ್ರೀ?”

“ಅವರೇ ಖುದ್ದು ಬಾಯಿಲೆ ಹೇಳಬೇಕವಾ. ನೀ ಹೇಳಿದ್ರ ನಡಿಯಂಗಿಲ್ಲ.” ಕಿಟಕಿಯ ಗಾಜುಗಳು ನಡುಗಿದವು.

ಅಕ್ಕೂರ ಸರ್ ಎದ್ದು ನಿಂತರು. ತುಟಿ ಅಲುಗಿದವು, ಕತ್ತಿನ ನರ ಉಬ್ಬಿದವು.

“ಜೋರಾಗಿ ಹೇಳ್ರಿ ಸರ್,” ಎಂದರು ಕುಲಸಚಿವರು, ನಿಜಕ್ಕೂ ಕಿವಿ ಮುಂದೆ ಮಾಡಿ.

ಅಕ್ಕೂರ ಸರ್ ತುಟಿ ಓದುವುದು ನೀಲವ್ವನಿಗೆ ರೂಢಿಯಾಗಿತ್ತು. ಅರ್ಧಕ್ಕೆ ನಿಂತ ಪಾಠವೊಂದನ್ನು ಮುಗಿಸಲು ಬಿಡಿ ಎಂದಷ್ಟೇ ಅವರು ಕೇಳುತ್ತಿದ್ದರು.

ಗುಮಾಸ್ತ ‘ಹೇಳಿಕೆ ಏನೂ ಇಲ್ಲ’ ಎಂದು ಬರೆದು ಹಾಳೆಯನ್ನು ನೀಲವ್ವನತ್ತ ಸರಿಸಿದ. “ಸಾಕ್ಷಿ ಸಹಿ ಹಾಕವಾ. ನಾಳಿಂದ ನಿಮ್ಮಂಥ ಕೆಳಗಿನವರ ದನಿಗೂ ಸಾಹೇಬ್ರ ಅಂಕ ಐತಿ, ಗೊತ್ತಲ್ಲ?”

ಅವಳಿಗೆ ಸಹಿ ಕಲಿಸಿದವರೇ ಅಕ್ಕೂರ ಸರ್. ಈಗ ಪೆನ್ನು ಜಾರಿದಾಗ ಅದನ್ನು ಅವಳ ಬೆರಳಲ್ಲಿ ಸರಿಯಾಗಿ ಹಿಡಿಸಿದವರೂ ಅವರೇ.

ನೀಲವ್ವ ಸಹಿ ಹಾಕಿದಳು.