ಸುಧಾರಿಸದ ಹುಡುಗಿ

ಹುಡುಗಿ ಇವತ್ತು ಬಾಯಿ ಬಿಟ್ಟರೆ?

ಕೊಪ್ಪಳದ ಕಚೇರಿಯ ಮೆಟ್ಟಿಲು ಹತ್ತುವಾಗಲೂ ಅಬ್ದುಲರೌಫನ ತಲೆಯಲ್ಲಿ ಇದೊಂದೇ ಸುತ್ತುತ್ತಿತ್ತು. ಕಳಕಮ್ಮ ಮಾತು ಕಡಿಮೆಯವಳು, ನಿಜ. ಆದರೆ ಹದಿನಾರರ ಪ್ರಾಯ. ಯಾರಾದರೂ ಅಕ್ಕರೆಯಿಂದ ಕೇಳಿದರೆ ಎಲ್ಲವನ್ನೂ ಹೇಳಿಬಿಡುವ ವಯಸ್ಸು. ಪುಣ್ಯಕ್ಕೆ, ಈ ಪರಿಶೀಲನಾ ಸಭೆಗಳಲ್ಲಿ ಅಕ್ಕರೆಯಿಂದ ಕೇಳುವ ಪದ್ಧತಿ ಇರಲಿಲ್ಲ.

ರೌಫ ಒಂದು ಸಂಸ್ಥೆಯ ಸಂಯೋಜಕ. ಸಣ್ಣಪುಟ್ಟ ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳ ಮೇಲೆ ಕೇಸು ಹಾಕದೆ ಪೊಲೀಸರು ಆ ಸಂಸ್ಥೆಗೆ ಒಪ್ಪಿಸುತ್ತಿದ್ದರು. ಆಮೇಲೆ ಹಾಸ್ಟೆಲು, ಶಾಲೆ, ಬಸ್ ಪಾಸು, ಬುದ್ಧಿವಾದ ಎಲ್ಲವನ್ನೂ ಹೊಂದಿಸುವುದು ಅವನ ಕೆಲಸ. ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಅವನಿಗೆ ಕಲಿಸಿದ್ದು ಒಂದೇ: ಯಾವಾಗ ಸುಮ್ಮನಿರಬೇಕು ಎಂಬುದು.

ಕಳಕಮ್ಮನ ಮೇಲಿದ್ದ ದೂರು ಸಣ್ಣದಲ್ಲ. ಯಲಬುರ್ಗಾ ಬಸ್ ಸ್ಟ್ಯಾಂಡಿನ ಪಕ್ಕ ಚಹಾ, ಮಿರ್ಚಿ ಮಾರುವ ಹಜರತಬೀಯ ಗ್ಯಾಸ್ ಸಿಲಿಂಡರು ಕದ್ದಳು ಎಂಬುದು. ಅದೂ ತುಂಬಿದ್ದು. ಅದಕ್ಕೆ ಮುಂಚೆ ಅವಳು ಕುಷ್ಟಗಿ ಕಡೆಯ ಬೀಜದ ಹೊಲಗಳಲ್ಲಿ ಹತ್ತಿ ಹೂವಿಗೆ ಹೂವು ತಾಗಿಸುವ ಕ್ರಾಸಿಂಗ್ ಕೆಲಸ ಮಾಡಿಕೊಂಡು ಯಾರ ಕಣ್ಣಿಗೂ ಬೀಳದೆ ಇದ್ದಳು. ಅವಳು ಶಾಲೆ ಬಿಟ್ಟದ್ದು ಯಾರಿಗೂ ಗೊತ್ತಾಗಲಿಲ್ಲ. ಸಿಲಿಂಡರು ಹೋದದ್ದು ಎಲ್ಲರಿಗೂ ಗೊತ್ತಾಯಿತು. ಈಗ ಗಂಗಾವತಿಯ ಹಾಸ್ಟೆಲಿನಲ್ಲಿದ್ದು ಹತ್ತನೆಯ ತರಗತಿ ಓದುತ್ತಿದ್ದಾಳೆ. ಕಳ್ಳತನ ಮನುಷ್ಯರನ್ನು ಎಷ್ಟು ಮೇಲಕ್ಕೆ ತರಬಲ್ಲದು ಎಂಬುದಕ್ಕೆ ಸಾಕ್ಷಿ.

ತೊಂದರೆಯೆಂದರೆ, ತೀರ ಚೆನ್ನಾಗಿ ಓದುತ್ತಿದ್ದಳು. ‘ಸುಧಾರಿಸಿದ್ದಾಳೆ’ ಎಂದು ಸಭೆ ತೀರ್ಮಾನಿಸಿದರೆ ಹಾಸ್ಟೆಲು ಬಿಡಬೇಕು. ಸುಧಾರಿಸಿದವರಿಗೆ ಹಾಸ್ಟೆಲು ಯಾಕೆ? ಪರೀಕ್ಷೆ ಇನ್ನೂ ದೂರವಿತ್ತು. ಅವಳನ್ನು ಮತ್ತೆ ಕೆಲಸಕ್ಕೆ ಕಳಿಸುವುದಾಗಿ ಅವಳ ಸೋದರಮಾವ ಆಗಲೇ ಬೀಜದ ಹೊಲದವನಿಗೆ ಮಾತು ಕೊಟ್ಟು ಕೂತಿದ್ದ.

ಸಭೆಗೆ ಸಂಸ್ಥೆಯ ಮುಖ್ಯಸ್ಥೆ ಅಮೃತಾ ಮೇಡಂ ಬಂದಿದ್ದರು. ಪಕ್ಕದಲ್ಲಿ ಒಬ್ಬ ಪೊಲೀಸ್ ಅಧಿಕಾರಿ. ಎದುರಿಗೆ ಕಳಕಮ್ಮ. ದೂರುದಾರಳಾದ ಹಜರತಬೀ ಫ್ಲಾಸ್ಕು ಹಿಡಿದು ಬಂದು ಮೊದಲು ಎಲ್ಲರಿಗೂ ಚಹಾ ಕೊಟ್ಟಳು.

“ಏನ್ ಚಹಾ ಮಾಡ್ತೀರಿ ಹಜರತಬೀ! ಈ ಹೊಗಿ ರುಚಿ ನಮ್ಮ ಮನ್ಯಾಗ ಏನ್ ಮಾಡಿದ್ರೂ ಬರಂಗಿಲ್ಲ,” ಎಂದರು ಮೇಡಂ.

“ಕೈಗುಣ ರೀ,” ಎಂದಳು ಹಜರತಬೀ. ರೌಫ ಕೆಮ್ಮಿದ.

ಅಧಿಕಾರಿ ಹುಡುಗಿಯ ಕಡೆ ತಿರುಗಿದ. “ತುಂಬಿದ ಸಿಲಿಂಡರ್ ಹೆಂಗ ಒಯ್ದಿ?”

“ನೆಲದ ಮ್ಯಾಲೆ ಉಳ್ಳಿಸ್ಕೋಂತ ಹೋದೆನ್ರಿ.”

“ಯಾರಿಗೆ ಮಾರಿದಿ?”

ಕಳಕಮ್ಮ ತಲೆ ತಗ್ಗಿಸಿದಳು. ಕೋಣೆ ಸುಮ್ಮನಾಯಿತು. ರೌಫನಿಗೆ ಅದಕ್ಕಿಂತ ಇಂಪಾದದ್ದು ಯಾವುದೂ ಇರಲಿಲ್ಲ.

“ಪಶ್ಚಾತ್ತಾಪ,” ಎಂದು ಮೇಡಂ ಕರಗಿದರು.

“ಅಲ್ರಿ, ಇದರ ಹಿಂದ ಯಾವುದೋ ದೊಡ್ಡ ಕೈ ಐತಿ,” ಎಂದ ಅಧಿಕಾರಿ. “ಅದು ಯಾರದು ಅಂತ ನಾ ಒಂದಿನ ಹಿಡಿದ ಹಿಡೀತೀನಿ.”

ರೌಫ ತನ್ನ ಕೈಗಳನ್ನು ಮೇಜಿನ ಕೆಳಗೆ ಇಳಿಸಿದ.

“ಹಿಡೀರಿ ಪಾ. ಹುಡುಗಿ ಅಂತೂ ಸುಧಾರಿಸ್ಯಾಳ. ಮುಗಿಸೂಣೇನ್ರಿ ರೌಫ್?”

“ಬ್ಯಾಡ್ರಿ ಮೇಡಂ. ಈಕಿ ಇನ್ನೂ ಸುಧಾರಿಸಿಲ್ರಿ.”

“ಗಣಿತದಾಗ ಸಾಲಿಗೇ ಮೊದಲನೇದಾಕಿ ಅದಾಳಲ್ರಿ!”

“ಅದ ಅಂಜಿಕಿ ರೀ. ಲೆಕ್ಕಾ ಬರೋ ಕಳ್ಳರು ಕೈಗೆ ಸಿಗಂಗಿಲ್ರಿ.”

ಅಧಿಕಾರಿ ಅನುಭವಸ್ಥನಂತೆ ತಲೆಯಾಡಿಸಿದ. ಹಜರತಬೀ ಸೆರಗು ಸರಿಮಾಡಿಕೊಂಡು ಎದ್ದಳು.

“ಖರೇ ಐತ್ರಿ ಸಾಹೇಬ್ರ. ಮೊನ್ನಿ ಮಾಫಿ ಕೇಳಾಕ ಬಂದಾಗ ನನ್ನ ಮಿರ್ಚಿ ಬುಟ್ಟಿ ಹೆಂಗ ನೋಡಿದ್ಲು ಅಂತೀರಿ! ಎದಿ ಧಸಕ್ ಅಂತು. ಇಂಥಾಕಿನ್ನ ಊರಾಗ ಬಿಡಬ್ಯಾಡ್ರಿ. ಪರೀಕ್ಷಾ ಮುಗಿಯೂತನಕರ ಅಲ್ಲೇ ಇಡ್ರಿ.”

“ಪರೀಕ್ಷಾ ಸುದ್ದಿ ನಿಮಗ್ಯಾರು ಹೇಳಿದ್ರು?” ಎಂದ ಅಧಿಕಾರಿ.

“ಬಸ್ ಸ್ಟ್ಯಾಂಡಿನ್ಯಾಗ ಕುಂತಾಕಿ ರೀ ನಾ. ನನಗ ಗೊತ್ತಿಲ್ಲದ್ದು ಏನೈತಿ?”

“ಮತ್ತ ಪರಿಹಾರ? ಹೊಸಾ ಸಿಲಿಂಡರ್ ಕೊಡಸೂಣೇನು?” ಎಂದರು ಮೇಡಂ.

“ಬ್ಯಾಡ್ರಿ. ಅಲ್ಲಾನ ದಯಾ, ಹೆಂಗೋ ನಡದೈತಿ.”

ಆಗ ಕಳಕಮ್ಮ ತಲೆ ಎತ್ತಿದಳು. “ಮೇಡಂ, ನಾ ಒಂದು ಖರೇ ಮಾತು ಹೇಳ್ಲಿ?”

ರೌಫ ಆರಿದ ಚಹಾದ ಲೋಟವನ್ನು ಮತ್ತೆ ಬಾಯಿಗಿಟ್ಟ. ಹಜರತಬೀ ಫ್ಲಾಸ್ಕಿನ ಮುಚ್ಚಳವನ್ನು ಸುಮ್ಮನೆ ತಿರುಗಿಸತೊಡಗಿದಳು.

“ಹೇಳವಾ,” ಎಂದರು ಮೇಡಂ, ಆ ದಿನ ಮೊದಲ ಬಾರಿಗೆ ಅಕ್ಕರೆಯಿಂದ.

ಹುಡುಗಿ ರೌಫನನ್ನು ನೋಡಿದಳು, ಹಜರತಬೀಯನ್ನು ನೋಡಿದಳು.

“ನನಗ ಇನ್ನೂ ಕದಿಯೂ ಮನಸ್ಸು ಆಗ್ತೈತ್ರಿ.”

ಮೇಡಂ ಲೋಟ ಕೆಳಗಿಟ್ಟರು. ತೀರ್ಮಾನಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ: ಪರೀಕ್ಷೆ ಮುಗಿಯುವವರೆಗೆ ಕಳಕಮ್ಮ ಹಾಸ್ಟೆಲಿನಲ್ಲೇ, ಕಟ್ಟುನಿಟ್ಟಿನ ನಿಗಾದಲ್ಲಿ. ಸೋದರಮಾವ ಮಾತು ಕೊಟ್ಟಿದ್ದ ಬೀಜದ ಹೊಲದವನು ಬೇರೆ ಕೈ ಹುಡುಕಿಕೊಳ್ಳಬೇಕಾಯಿತು.

“ಇಂಥವ್ರ ಸಲುವಾಗಿನ ನಾವಿರೋದು,” ಎಂದರು ಮೇಡಂ, ಹಜರತಬೀಯೂ ಹುಡುಗಿಯೂ ಹೊರಗೆ ಹೋದ ಮೇಲೆ. “ಕೆಲವರು ಸುಮ್ಮನ ಮಕ್ಕಳನ್ನ ಕರಕೊಂಡು ಬರ್ತಾರ, ಹಾಸ್ಟೆಲ್ ಕೊಡ್ರಿ, ಸಾಲಿಗೆ ಹಚ್ಚರಿ ಅಂತ. ಏನ್ ಮಾಡ್ಯಾಳ ಅಂದ್ರ, ಏನೂ ಮಾಡಿಲ್ಲ ಅಂತಾರ. ಏನೂ ಮಾಡದವ್ರಿಗೆ ನಾವೇನ್ ಮಾಡೂಣ?”

ಅಧಿಕಾರಿ ನಕ್ಕ. ರೌಫನೂ ನಕ್ಕ.

“ಆದ್ರ ರೌಫ್, ನಿಮ್ಮ ಯಲಬುರ್ಗಾ ಕಡೆ ಹುಡುಗ್ಯಾರ ಕಳ್ಳತನ ಭಾಳ ಆಗಾಕತ್ತಾವಲ್ರಿ, ಯಾಕ?”

“ಕಾಲ ಕೆಟ್ಟೈತ್ರಿ ಮೇಡಂ.”

ಹಜರತಬೀಯ ಅಂಗಡಿಯಲ್ಲಿ ಗ್ಯಾಸ್ ಸಿಲಿಂಡರು ಎಂದೂ ಇರಲೇ ಇಲ್ಲ, ಆ ದೂರನ್ನು ಅವಳಿಗೆ ಹೇಳಿಕೊಟ್ಟವನು ತಾನೇ ಎಂದು ಅವನು ಹೇಳಲಿಲ್ಲ.